ಹನ್ನೊಂದು ಕಿಲೋ ಕತ್ತಿ

1978ರಲ್ಲಿ ಪ್ರಕಟವಾದ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕೈಪಿಡಿಯಲ್ಲಿ ಆಯುಧಗಳ ಒಂದು ಕೋಷ್ಟಕವಿದೆ. ಎರಡೂ ಕೈಯಲ್ಲಿ ಹಿಡಿದು ಬೀಸುವ ದೊಡ್ಡ ಕತ್ತಿಯ ಎದುರು 250 ಎಂಬ ಅಂಕಿ ಬರೆದಿದೆ. ಅದು ಚಿನ್ನದ ನಾಣ್ಯಗಳಲ್ಲಿ ಹೇಳಿದ ತೂಕ. ಆಟದ ಲೆಕ್ಕದಲ್ಲಿ 10 ನಾಣ್ಯಕ್ಕೆ ಒಂದು ಪೌಂಡ್. ಹಾಗಾಗಿ ಕತ್ತಿ 25 ಪೌಂಡ್ ತೂಗುತ್ತದೆ, ಹನ್ನೊಂದು ಕಿಲೋಗಿಂತ ತುಸು ಹೆಚ್ಚು. ತುಂಬಿದ ಒಂದು ಬಕೆಟ್ ನೀರಿನ ಭಾರ ಅದು. ಬಕೆಟ್ಟನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಬಹುದು. ಅಷ್ಟು ಭಾರವನ್ನು ಬೀಸುವುದು, ಏಟು ತಪ್ಪಿದರೆ ನಡುವೆಯೇ ತಡೆದು ಮತ್ತೆ ಬೀಸುವುದು, ಎದುರಾಳಿಯ ಹೊಡೆತವನ್ನೂ ಅದರಿಂದಲೇ ತಡೆಯುವುದು, ಇದನ್ನೆಲ್ಲ ಕಾಲು ಗಂಟೆ ಮಾಡುತ್ತಲೇ ಇರುವುದು ಮನುಷ್ಯರ ಕೈಲಾಗುವ ಕೆಲಸವಲ್ಲ.

ನಿಜವಾದ ಕತ್ತಿಗಳು ಎಷ್ಟು ತೂಗುತ್ತಿದ್ದವು ಎಂಬುದಕ್ಕೆ ಊಹೆ ಬೇಕಿಲ್ಲ. ಲಂಡನ್ನಿನ ವಾಲೆಸ್ ಕಲೆಕ್ಷನ್, ಲೀಡ್ಸ್‌ನ ರಾಯಲ್ ಆರ್ಮರೀಸ್‌ನಂಥ ಸಂಗ್ರಹಾಲಯಗಳಲ್ಲಿ ಆ ಕಾಲದ ಕತ್ತಿಗಳು ಇವತ್ತಿಗೂ ಇವೆ, ತಕ್ಕಡಿಯ ಮೇಲಿಟ್ಟು ನೋಡಿದವರೂ ಇದ್ದಾರೆ. ಒಂದು ಕೈಯಲ್ಲಿ ಹಿಡಿಯುವ ಮಧ್ಯಯುಗದ ಕತ್ತಿ ಸಾಮಾನ್ಯವಾಗಿ 1.1ರಿಂದ 1.5 ಕಿಲೋ. ಎರಡು ಕೈಗೂ ಹಿಡಿ ಒದಗಿಸುವ ಉದ್ದ ಕತ್ತಿ ಒಂದೂಕಾಲರಿಂದ 1.8 ಕಿಲೋ. ಹದಿನಾರನೇ ಶತಮಾನದ ಜರ್ಮನ್ ಕಾಲಾಳುಗಳು ಬಳಸುತ್ತಿದ್ದ, ಆಳೆತ್ತರಕ್ಕೆ ಸಮನಾಗಿ ನಿಲ್ಲುವ ಭಾರಿ ಕತ್ತಿಗಳು ಕೂಡ ಎರಡರಿಂದ ಮೂರೂವರೆ ಕಿಲೋ ಒಳಗೇ ಇರುತ್ತವೆ. ನೆದರ್‌ಲ್ಯಾಂಡ್ಸ್‌ನ ಲೇವಾರ್ಡನ್ ಊರಿನ ಫ್ರೀಸ್ ಮ್ಯೂಸಿಯಂನಲ್ಲಿ ಪಿಯರ್ ಗೆರ್ಲೋಫ್ಸ್ ಡೋನಿಯಾ ಎಂಬ ದೈತ್ಯಕಾಯದ ಬಂಡಾಯಗಾರನದೆಂದು ಹೇಳುವ ಒಂದು ಕತ್ತಿ ಇದೆ: ಉದ್ದ 2.13 ಮೀಟರ್, ತೂಕ 6.6 ಕಿಲೋ. ದಂತಕಥೆಯ ಈ ಕತ್ತಿಯೂ ಆಟದ ಪುಸ್ತಕದ ‘ಸಾಮಾನ್ಯ’ ಕತ್ತಿಯ ಮುಂದೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೆ. (ನಮ್ಮವರು ಇದನ್ನು ಓದಿ ನಗುವ ಮೊದಲು ಮಹಾರಾಣಾ ಪ್ರತಾಪನ ಭಲ್ಲೆ 80 ಕಿಲೋ ಎಂದು ವಾಟ್ಸಾಪಿನಲ್ಲಿ ಸುತ್ತುವ ಸಂದೇಶವನ್ನು ನೆನೆಸಿಕೊಳ್ಳುವುದು ಒಳ್ಳೆಯದು.)

ಆಟದ ಈ ತಪ್ಪನ್ನು ಎತ್ತಿ ಆಡಿದವರಿಗೆಲ್ಲ ಸಿಗುವ ಸಿದ್ಧ ಉತ್ತರ ಒಂದಿದೆ: ಬೆಂಕಿಯುಗುಳುವ ಡ್ರ್ಯಾಗನ್ ಹಾರಾಡುವ ಲೋಕದಲ್ಲಿ ಕತ್ತಿಯ ತೂಕ ಹಿಡಿದುಕೊಂಡು ಏಕೆ ಕೊರಗುತ್ತೀರಿ? ಕೇಳಲು ಚೆನ್ನಾಗಿದೆ, ಆದರೆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಡ್ರ್ಯಾಗನ್ ಎಷ್ಟು ತೂಗಬೇಕೆಂದು ಯಾರೂ ಕೇಳುತ್ತಿಲ್ಲ, ಅದನ್ನು ಕಂಡವರಿಲ್ಲ. ಕತ್ತಿ ಹಾಗಲ್ಲ. ಆಟವೇ ಅದನ್ನು ನಮ್ಮ ಲೋಕದಿಂದ ಎರವಲು ತಂದಿದೆ, ಜೊತೆಗೆ ನಮ್ಮ ಲೋಕದ ಪೌಂಡನ್ನೂ ತಂದಿದೆ. ಒಂದು ಪುಸ್ತಕ ಹಗ್ಗ, ಲಾಂದ್ರ, ಊಟದ ಬುತ್ತಿಗಳ ತೂಕವನ್ನು ಬರೆದು ಅದೇ ಪಟ್ಟಿಯಲ್ಲಿ ಕತ್ತಿಯನ್ನೂ ಸೇರಿಸಿದರೆ, ಅದು ಓದುಗನಿಗೆ ಮಾಹಿತಿ ಕೊಡುತ್ತಿದೆ ಎಂದೇ ಲೆಕ್ಕ. ಲಕ್ಷಾಂತರ ಹುಡುಗರು ಮಧ್ಯಯುಗದ ಬಗ್ಗೆ ತಿಳಿದುಕೊಂಡ ಮೊದಲ ‘ಸತ್ಯ’ಗಳು ಇತಿಹಾಸದ ತರಗತಿಯಿಂದ ಬಂದವಲ್ಲ, ಇಂಥ ಪಟ್ಟಿಗಳಿಂದ ಬಂದವು.

ಆದರೂ ಪಟ್ಟಿ ಮಾಡಿದವನನ್ನು ಪೂರ್ತಿ ದೂರುವ ಮೊದಲು ಆ ನಾಣ್ಯದ ಲೆಕ್ಕದ ಕಡೆ ಸ್ವಲ್ಪ ನೋಡಬೇಕು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಇದೇ. ಕತ್ತಿಯನ್ನು ನಾಣ್ಯದಲ್ಲಿ ಏಕೆ ತೂಗಬೇಕು?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೂಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಯುದ್ಧದ ಆಟದ ಹೊಟ್ಟೆಯಿಂದ ಹುಟ್ಟಿದ್ದರೂ ಅದರ ಹೃದಯ ಇದ್ದದ್ದು ಲೂಟಿಯಲ್ಲಿ. ನಾಲ್ಕಾರು ಜನ ನೆಲಮಾಳಿಗೆಗೆ ಇಳಿಯುತ್ತಾರೆ, ಅಲ್ಲಿರುವ ನಿಧಿಯನ್ನು ಹೊತ್ತು ಮೇಲೆ ಬರಬೇಕು. ಹೊರಗೆ ತಂದ ಚಿನ್ನಕ್ಕೆ ತಕ್ಕಂತೆ ಪಾತ್ರದ ಅನುಭವದ ಅಂಕ ಏರುತ್ತದೆ. ಹಾಗಾಗಿ ಆಟಗಾರನ ಮುಂದಿದ್ದ ನಿಜವಾದ ಪ್ರಶ್ನೆ ‘ಈ ಕತ್ತಿ ಎಷ್ಟು ಭಾರ’ ಎಂಬುದಾಗಿರಲಿಲ್ಲ. ‘ಈ ಕತ್ತಿಯನ್ನು ಒಯ್ದರೆ ಎಷ್ಟು ನಾಣ್ಯ ಬಿಟ್ಟು ಬರಬೇಕಾಗುತ್ತದೆ’ ಎಂಬುದಾಗಿತ್ತು. ಕವಚ ತೊಟ್ಟರೆ ಜೀವ ಉಳಿಯುತ್ತದೆ, ಚೀಲ ಖಾಲಿ ಉಳಿಯುತ್ತದೆ. ಗುರಾಣಿಯನ್ನು ಎಸೆದರೆ ಇನ್ನಷ್ಟು ಚಿನ್ನ ತುಂಬಿಕೊಳ್ಳಬಹುದು, ದಾರಿಯಲ್ಲಿ ಏನಾದರೂ ಎದುರಾದರೆ ಅವರವರ ಹಣೆಬರಹ. ಕೋಷ್ಟಕದ ಆ ಕಂಬಸಾಲು ಈ ಚೌಕಾಶಿಗಾಗಿ ಹುಟ್ಟಿದ್ದು. ಅದರ ನಾಣ್ಯವೂ ನಿಜವಾದ ನಾಣ್ಯವಲ್ಲ ಎಂಬುದು ಬೇರೆ ಮಾತು. 10ಕ್ಕೆ ಒಂದು ಪೌಂಡ್ ಎಂದರೆ ಒಂದೊಂದು 45 ಗ್ರಾಂ. 1252ರಿಂದ ಫ್ಲಾರೆನ್ಸ್ ನಗರ ಅಚ್ಚು ಹಾಕಿದ ಚಿನ್ನದ ಫ್ಲೋರಿನ್ ಕೇವಲ ಮೂರೂವರೆ ಗ್ರಾಂ ಇತ್ತು. ಹನ್ನೆರಡು ಹದಿಮೂರು ಫ್ಲೋರಿನ್ ಕರಗಿಸಿ ಒಂದು ಬಿಲ್ಲೆ ಮಾಡಿದಂತೆ!

1979ರಲ್ಲಿ ಆಟ ನಡೆಸುವವರಿಗಾಗಿ ಬಂದ ಮತ್ತೊಂದು ಪುಸ್ತಕದಲ್ಲಿ ಗೈಗ್ಯಾಕ್ಸ್ ಇದನ್ನು ಬಿಡಿಸಿಯೂ ಹೇಳಿದ್ದಾನೆ. ಒಂದು ಕಾಗದದ ಸುರುಳಿ ಎರಡು ಪೌಂಡ್ ಹೇಗೆ ತೂಗೀತು ಎಂದು ಜನ ಕೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಆ ಅಂಕಿ ತೂಕವೊಂದನ್ನೇ ಹೇಳುವುದಿಲ್ಲ, ವಸ್ತುವಿನ ಗಾತ್ರ, ಹೊರುವಾಗ ಅದು ಕೊಡುವ ಕಿರಿಕಿರಿ ಎರಡನ್ನೂ ಸೇರಿಸಿಕೊಂಡಿದೆ ಎಂಬುದು ಅವನ ವಿವರಣೆ. ಈ ದೃಷ್ಟಿಯಿಂದ ನೋಡಿದರೆ 250 ಎಂಬುದು ಅಷ್ಟು ಅಸಂಬದ್ಧವಲ್ಲ. ಆಳುದ್ದದ ಕತ್ತಿಯನ್ನು ಇಕ್ಕಟ್ಟಾದ ಸುರಂಗದಲ್ಲಿ ಒಯ್ಯುವುದು ನಿಜಕ್ಕೂ ಗೋಳು. ಅದಕ್ಕೆ ಸೊಂಟಕ್ಕೆ ಕಟ್ಟುವಂಥ ಒರೆ ಇಲ್ಲ, ಹೆಗಲ ಮೇಲೆ ಇಟ್ಟುಕೊಂಡರೆ ತಿರುವಿನಲ್ಲಿ ಗೋಡೆಗೆ ತಾಗುತ್ತದೆ, ಹಗ್ಗ ಹಿಡಿದು ಇಳಿಯುವಾಗ ಕೈಗೂ ಕಾಲಿಗೂ ಅಡ್ಡ ಬರುತ್ತದೆ.

ಎಡವಟ್ಟಾದದ್ದು ಆಮೇಲೆ. 1989ರ ಎರಡನೇ ಆವೃತ್ತಿಯಲ್ಲಿ ನಾಣ್ಯದ ಲೆಕ್ಕ ಹೋಗಿ ತಲೆಬರಹದಲ್ಲಿ ಪೌಂಡ್ ಬಂದು ಕೂತಿತು. ಎರಡು ಕೈಯ ಕತ್ತಿ 25ರಿಂದ 15ಕ್ಕೆ ಇಳಿಯಿತು, ಆದರೆ ಈಗ ಅದು ಶುದ್ಧ ತೂಕವೆಂಬ ಠಸ್ಸೆ ಹೊತ್ತು ಇಳಿಯಿತು. 2000ದ ಮೂರನೇ ಆವೃತ್ತಿಯೂ 15 ಪೌಂಡನ್ನೇ ಉಳಿಸಿಕೊಂಡಿತು. ಮೂರೇ ವರ್ಷದಲ್ಲಿ ಅದನ್ನು ತಿದ್ದಿ 8 ಮಾಡಿದರು. 2014ರ ಐದನೇ ಆವೃತ್ತಿಯಲ್ಲಿ 6 ಪೌಂಡ್, ಅಂದರೆ 2.7 ಕಿಲೋ. ಮ್ಯೂಸಿಯಂನ ತಕ್ಕಡಿ ಒಪ್ಪುವ ತೂಕಕ್ಕೆ ಬಂದು ಮುಟ್ಟಲು ಮೂವತ್ತಾರು ವರ್ಷ ಹಿಡಿಯಿತು. ಆಟಗಾರರಲ್ಲಿ ಕೆಲವರು ಹಳೆಯ ಕತ್ತಿವರಸೆಯ ಕೈಪಿಡಿಗಳನ್ನು ಹುಡುಕಿ, ಸರಿಯಾದ ತೂಕದ ಉಕ್ಕಿನ ಕತ್ತಿ ಮಾಡಿಸಿ ಅಭ್ಯಾಸಕ್ಕೆ ಇಳಿದದ್ದೂ ಈ ಹೊತ್ತಿನಲ್ಲೇ. 2002ರಲ್ಲಿ ಬಂದ ‘ದಿ ರಿಡಲ್ ಆಫ್ ಸ್ಟೀಲ್’ ಎಂಬ ಆಟವನ್ನು ರಚಿಸಿದ ಜೇಕ್ ನಾರ್ವುಡ್ ಅಂಥ ಅಭ್ಯಾಸಿಗಳಲ್ಲೊಬ್ಬ.

ತೂಕ ಸರಿಹೋಯಿತಲ್ಲ, ಇನ್ನೇನು ತಕರಾರು? ತಕರಾರು ಇರುವುದೇ ಇಲ್ಲಿ. ಸರಿಯಾದ ತೂಕ ಬರೆದರೂ ಆಯುಧದ ಬಗ್ಗೆ ನಮಗೆ ಬೇಕಾದ್ದು ಗೊತ್ತಾಗುವುದಿಲ್ಲ.

ಮಧ್ಯಯುಗದ ಒಂದು ಒಳ್ಳೆಯ ಕತ್ತಿಯನ್ನು ಹತ್ತಿರದಿಂದ ನೋಡಿ. ಮುಂಭಾಗದಿಂದ ನೋಡಿದರೆ ಅಲಗಿನ ಅಗಲ ತುದಿಯ ಕಡೆ ಕಿರಿದಾಗುವುದು ಕಾಣುತ್ತದೆ. ಅದನ್ನು ಬದಿಗೆ ತಿರುಗಿಸಿದಾಗಲೇ ಕಮ್ಮಾರನ ಕಸುಬು ಕಣ್ಣಿಗೆ ಬೀಳುವುದು. ಅಡ್ಡಪಟ್ಟಿಯ ಬಳಿ ಐದಾರು ಮಿಲಿಮೀಟರ್ ದಪ್ಪವಿದ್ದ ಉಕ್ಕು ತುದಿಗೆ ಬರುವಷ್ಟರಲ್ಲಿ ಎರಡು ಮೂರು ಮಿಲಿಮೀಟರಿಗೆ ಇಳಿದಿರುತ್ತದೆ. ಅಲಗಿನ ನಡುವೆ ಉದ್ದಕ್ಕೂ ಕೊರೆದ ತೋಡು ಇನ್ನಷ್ಟು ಉಕ್ಕನ್ನು ಕಳೆದಿರುತ್ತದೆ. ಹಿಡಿಯ ಹಿಂತುದಿಯಲ್ಲಿರುವ ಗುಂಡು ಅಲಂಕಾರಕ್ಕೆ ಇಟ್ಟದ್ದಲ್ಲ, ಮುಂದಿನ ಭಾರವನ್ನು ಹಿಂದಕ್ಕೆಳೆಯಲು ಇಟ್ಟದ್ದು. ಇಷ್ಟೆಲ್ಲ ಮಾಡಿದ ಕತ್ತಿಯನ್ನು ಒಂದು ಬೆರಳಿನ ಮೇಲೆ ಸಮತೋಲ ನಿಲ್ಲಿಸಿದರೆ ಆ ಜಾಗ ಅಡ್ಡಪಟ್ಟಿಯಿಂದ ಹತ್ತು ಹದಿನೈದು ಸೆಂಟಿಮೀಟರ್ ದೂರದಲ್ಲೇ ಸಿಗುತ್ತದೆ. ಗೋಡೆಗೆ ನೇತುಹಾಕಲು ಮಾರುವ ಅಗ್ಗದ ನಕಲು ಕತ್ತಿಗಳಲ್ಲಿ ಇದಾವುದೂ ಇಲ್ಲ. ಒಂದೇ ದಪ್ಪದ ಪಟ್ಟಿಯನ್ನು ಕತ್ತಿಯ ಆಕಾರಕ್ಕೆ ಕತ್ತರಿಸಿರುತ್ತಾರೆ. ಅದನ್ನು ಕೈಯಲ್ಲಿ ಹಿಡಿದವರಿಗೆ ಹಳೆಯ ಕಾಲದವರ ರಟ್ಟೆಯ ಬಗ್ಗೆ ಭಯಭಕ್ತಿ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ರೇಪಿಯರನ್ನೇ ತೆಗೆದುಕೊಳ್ಳಿ. ಹದಿನಾರು, ಹದಿನೇಳನೇ ಶತಮಾನಗಳ ಪಟ್ಟಣಿಗರು ಸೊಂಟಕ್ಕೆ ಕಟ್ಟುತ್ತಿದ್ದ ಸಪೂರ ಕತ್ತಿ. ಸಿನಿಮಾಗಳು ಅದನ್ನು ಗರಿಯಂತೆ ಆಡಿಸಿ ತೋರಿಸುತ್ತವೆ. ಐದನೇ ಆವೃತ್ತಿಯಲ್ಲಿ ಅದರ ತೂಕ 2 ಪೌಂಡ್, ಉದ್ದ ಕತ್ತಿಯದು 3. ರೇಪಿಯರ್ ಹಿಡಿದವನು ಬಲದ ಬದಲು ಚುರುಕುತನದ ಅಂಕವನ್ನು ಬಳಸಬಹುದು. ಉದ್ದ ಕತ್ತಿ ಹಿಡಿದವನಿಗೆ ಬಲವೇ ಗತಿ. ನಿಜದಲ್ಲಿ ಬಹಳಷ್ಟು ರೇಪಿಯರುಗಳು ಒಂದು ಕಿಲೋದಿಂದ ಒಂದೂಕಾಲು ಕಿಲೋ ತೂಗುತ್ತವೆ, ಆ ಪಟ್ಟಣಿಗರ ಅಜ್ಜಂದಿರ ಕಾಲದ ಕತ್ತಿಯಷ್ಟೇ. ಅಲಗು ಸಪೂರವಾದರೂ ಉದ್ದ ಜಾಸ್ತಿ, ಕೈಯನ್ನು ಕಾಪಾಡುವ ಉಕ್ಕಿನ ಬಳೆಗಳ ಭಾರ ಬೇರೆ. ಭಾರವೆಲ್ಲ ಹಿಡಿಯ ಬಳಿ ಕೂತಿರುವುದರಿಂದ ತುದಿ ಬೆರಳಿನ ಇಶಾರೆಗೆ ತಿರುಗುತ್ತದೆ. ಅದೇ ಭಾರವನ್ನು ಅಲಗಿನ ತುದಿಯ ಕಡೆ ಸರಿಸಿದರೆ ಆಯುಧ ಕೊಡಲಿಯಂತೆ ನಡೆದುಕೊಳ್ಳುತ್ತದೆ. ತಕ್ಕಡಿಗೆ ಎರಡೂ ಒಂದೇ.

ಬಿಲ್ಲಿನ ವಿಷಯದಲ್ಲಂತೂ ಕೋಷ್ಟಕ ತಲೆಕೆಳಗು. ಆಟದ ಉದ್ದ ಬಿಲ್ಲು 2 ಪೌಂಡ್. ಇದರಲ್ಲಿ ತಪ್ಪೇನೂ ಇಲ್ಲ. ಹಗುರವಾದ ಆಯುಧವಾದ್ದರಿಂದಲೋ ಏನೋ ಅದನ್ನು ಚುರುಕುತನದ ಖಾತೆಗೆ ಹಾಕಿ, ಸಣಕಲು ದೇಹದ ಕಾಲ್ಪನಿಕ ಜನರಾದ ಎಲ್ಫ್‌ಗಳ ಕೈಗೆ ಕೊಟ್ಟಿದ್ದಾರೆ. 1545ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಹಡಗಿನಲ್ಲಿ ನೂರಕ್ಕೂ ಹೆಚ್ಚು ಇಡೀ ಬಿಲ್ಲುಗಳು ಸಿಕ್ಕವು. ಅವುಗಳ ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುತ್ತಿದ್ದ ಬಲವನ್ನು ತಜ್ಞರು ಸುಮಾರು 100ರಿಂದ 185 ಪೌಂಡ್ ಎಂದು ಅಂದಾಜಿಸಿದ್ದಾರೆ: ಪ್ರತಿ ಬಾಣಕ್ಕೂ 45ರಿಂದ 84 ಕಿಲೋ ಎಳೆತ. ಹಡಗಿನಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಕೆಲವರ ಹೆಗಲ ಮೂಳೆಯ ತುದಿ ಬೆಸೆದುಕೊಳ್ಳದೆ ಬಿಡಿಯಾಗಿ ಉಳಿದಿತ್ತು, ಎಳೆಯ ವಯಸ್ಸಿನಿಂದ ಬಿಲ್ಲೆಳೆದ ಗುರುತು ಅದಿರಬಹುದೆಂದು ಸಂಶೋಧಕರು ಹೇಳುತ್ತಾರೆ. ಒಂದು ಕಿಲೋದ ಕೋಲು ಮೂಳೆಯ ಆಕಾರವನ್ನೇ ತಿದ್ದಿರಬಹುದು! ಬಲ ಬೇಕಾದ ಕಡೆ ಚುರುಕುತನ, ಚುರುಕುತನ ಬೇಕಾದ ಕಡೆ ಬಲ, ಹೀಗೆ ಅದಲುಬದಲಾಗಲು ಕಾರಣ ತೂಕದ ಮೇಲಿನ ಈ ಕುರುಡು ನಂಬಿಕೆಯೇ ಎಂದು ನನ್ನ ಗುಮಾನಿ. ಭಾರವಾಗಿ ಕಾಣುವುದಕ್ಕೆ ಬಲಶಾಲಿ, ಹಗುರವಾಗಿ ಕಾಣುವುದಕ್ಕೆ ನಾಜೂಕಿನವನು.

ಈ ನಂಬಿಕೆ ಆಟಗಳಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪಿಗೆ ತಾನು ಏರಿಬಂದ ಎತ್ತರವನ್ನು ತೋರಿಸಿಕೊಳ್ಳಲು ಒಂದು ತಗ್ಗು ಬೇಕಾಗಿತ್ತು, ಮಧ್ಯಯುಗ ಆ ಕೆಲಸಕ್ಕೆ ಒದಗಿತು. ಎಗರ್ಟನ್ ಕ್ಯಾಸಲ್ 1885ರಲ್ಲಿ ಬರೆದ ಕತ್ತಿವರಸೆಯ ಇತಿಹಾಸದಲ್ಲಿ ಹಳೆಯ ಕಾಲದ ಹೋರಾಟವೆಂದರೆ ರಟ್ಟೆಬಲದ ಒರಟಾಟ; ಕಲೆ ಬಂದದ್ದೆಲ್ಲ ಆಮೇಲೆ. ಮಾರ್ಕ್ ಟ್ವೇನ್ 1889ರ ಕಾದಂಬರಿಯಲ್ಲಿ ಕವಚ ತೊಟ್ಟವನ ಪಾಡನ್ನು ನಗೆಪಾಟಲು ಮಾಡಿದ. 1944ರಲ್ಲಿ ಲಾರೆನ್ಸ್ ಒಲಿವಿಯರ್ ನಿರ್ದೇಶಿಸಿದ ‘ಹೆನ್ರಿ ದ ಫಿಫ್ತ್’ ಚಿತ್ರದಲ್ಲಿ ಯೋಧನನ್ನು ರಾಟೆ ಕಟ್ಟಿ ಕುದುರೆಯ ಮೇಲೆ ಇಳಿಸುತ್ತಾರೆ. ಹಾಗೆ ಮಾಡುತ್ತಿದ್ದರು ಎನ್ನಲು ಆಧಾರವಿಲ್ಲ, ಆದರೆ ಒಮ್ಮೆ ಪರದೆಯ ಮೇಲೆ ಕಂಡದ್ದನ್ನು ಅಳಿಸುವುದು ಯಾರಿಂದಲೂ ಆಗಿಲ್ಲ. ಫ್ರಾನ್ಸಿನ ಸೇನಾನಿ ಬೂಸಿಕೋ, ಅಜಿನ್‌ಕೋರ್ಟ್‌ನಲ್ಲಿ 1415ರ ಕದನದಲ್ಲಿ ಸೆರೆಸಿಕ್ಕವನು, ಮೈತುಂಬ ಕವಚ ತೊಟ್ಟು ಲಾಗ ಹಾಕುತ್ತಿದ್ದ, ಏಣಿಯ ಅಡಿಭಾಗ ಹಿಡಿದು ಬರೀ ಕೈಯ ಬಲದಲ್ಲಿ ಮೇಲೇರುತ್ತಿದ್ದ ಎಂದು ಅವನ ಕಾಲದಲ್ಲೇ ಬರೆದ ಜೀವನಚರಿತ್ರೆ ಹೇಳುತ್ತದೆ. ಹೊಗಳುಭಟರ ಮಾತಿಗೆ ಎಷ್ಟು ಬೇಕೋ ಅಷ್ಟು ಸೋಡಿ ಬಿಟ್ಟರೂ, ರಾಟೆಗೂ ಲಾಗಕ್ಕೂ ಇರುವ ಅಂತರ ಸಣ್ಣದಲ್ಲ.

ಭಾರದ ಕಥೆ ಯಾರನ್ನು ಮರೆಮಾಡುತ್ತದೆ ಎಂಬುದನ್ನೂ ನೋಡಬೇಕು. ಕತ್ತಿ ಹನ್ನೊಂದು ಕಿಲೋ ಇದ್ದರೆ ಅದನ್ನು ಎತ್ತುವ ದೇಹವೇ ಎಲ್ಲವೂ, ಕಲಿಕೆಗೆ ಅಲ್ಲಿ ಕೆಲಸವಿಲ್ಲ. ಒಂದೂಕಾಲು ಕಿಲೋ ಇದ್ದರೆ ಎತ್ತುವುದು ಯಾರಿಗೂ ಕಷ್ಟವಲ್ಲ. ಗೆಲ್ಲುವುದು ಕಲಿತವನಿಗೆ ಬಿಟ್ಟದ್ದು, ಕಲಿತವಳಿಗೂ. ಯುರೋಪಿನಲ್ಲಿ ಉಳಿದಿರುವ ಕತ್ತಿವರಸೆಯ ಅತ್ಯಂತ ಹಳೆಯ ಕೈಪಿಡಿ, ಸುಮಾರು 1300ರ ನಂತರದ ದಶಕಗಳಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಹಸ್ತಪ್ರತಿ, ಈಗ ಲೀಡ್ಸ್‌ನಲ್ಲಿದೆ. ಅದರ ಚಿತ್ರಗಳಲ್ಲಿ ಒಬ್ಬ ಪಾದ್ರಿ ತನ್ನ ಶಿಷ್ಯನಿಗೆ ಕತ್ತಿ ಮತ್ತು ಪುಟ್ಟ ಗುರಾಣಿಯ ಪಟ್ಟುಗಳನ್ನು ಹೇಳಿಕೊಡುತ್ತಾನೆ. ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್ಪುರ್ಗಿಸ್ ಎಂಬ ಹೆಂಗಸು ಬರುತ್ತಾಳೆ. ನೆರಿಗೆಯ ನಿಲುವಂಗಿ, ಕೈಯಲ್ಲಿ ಅದೇ ಅಳತೆಯ ಕತ್ತಿ. ಅವಳಿಗಾಗಿ ‘ಹಗುರ’ದ್ದೊಂದನ್ನು ಚಿತ್ರಕಾರ ಬರೆದಿಲ್ಲ.

ಹಾಗೆಂದು ಭಾರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಕವಚಕ್ಕೆ ಬಂದಾಗ ಅದರ ಲೆಕ್ಕ ಬೇಕೇಬೇಕು. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು 30ರಿಂದ 50 ಕಿಲೋ ತೂಕದ ಕವಚದ ಪ್ರತಿಕೃತಿ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅಳೆದರು. ನಡಿಗೆಗೆ ಖರ್ಚಾಗುವ ಶಕ್ತಿ ಎರಡು ಪಟ್ಟನ್ನು ಮೀರಿತ್ತು. ಅಷ್ಟೇ ಭಾರವನ್ನು ಬೆನ್ನಚೀಲದಲ್ಲಿ ಹೊತ್ತಿದ್ದರೆ ಖರ್ಚು ಇದಕ್ಕಿಂತ ಕಡಿಮೆಯಾಗುತ್ತಿತ್ತು. ಕಾಲಿಗೆ ಕಟ್ಟಿದ ಲೋಹವನ್ನು ಪ್ರತಿ ಹೆಜ್ಜೆಗೂ ಬೀಸಬೇಕು, ಎದೆಯ ತಗಡು ಉಸಿರನ್ನು ಪೂರ್ತಿ ಎಳೆಯಲು ಬಿಡುವುದಿಲ್ಲ. ಇಲ್ಲಿಯೂ ಎಷ್ಟು ಭಾರ ಎಂಬುದರ ಜೊತೆ ಎಲ್ಲಿ ಭಾರ ಎಂಬುದು ಸೇರಿಕೊಂಡಿದೆ. ಈಗ ಐದನೇ ಆವೃತ್ತಿಯ ನಿಯಮ ನೋಡಿ: ಬಲದ ಅಂಕವನ್ನು 15ರಿಂದ ಗುಣಿಸಿದರೆ ಹೊರಬಹುದಾದ ಪೌಂಡ್. ತೀರಾ ಸಾಧಾರಣ ಮನುಷ್ಯನ ಬಲ 10. ಅವನು 150 ಪೌಂಡ್, ಅಂದರೆ 68 ಕಿಲೋ ಹೊತ್ತು ಒಂದಿಷ್ಟೂ ನಿಧಾನವಾಗದೆ ನಡೆಯಬಹುದು, ಓಡಬಹುದು, ಹೋರಾಡಬಹುದು. ಭಾರ ಹೆಚ್ಚಿದಂತೆ ನಡಿಗೆ ಕುಗ್ಗಿಸುವ ನಿಯಮ ಬೇಕಾದವರಿಗೆ ಎಂದು ಬದಿಯಲ್ಲಿದೆ, ಹೆಚ್ಚಿನ ಮೇಜುಗಳಲ್ಲಿ ಅದನ್ನು ಮುಟ್ಟುವವರಿಲ್ಲ. ಕತ್ತಿಯನ್ನು ಮನುಷ್ಯರ ಅಳತೆಗೆ ಇಳಿಸಿದ ಆವೃತ್ತಿಯೇ ಅದನ್ನು ಹೊರುವವನನ್ನು ಎತ್ತಿನ ಅಳತೆಗೆ ಏರಿಸಿಬಿಟ್ಟಿತು.

ಅದೇ ಆವೃತ್ತಿಯ ಆಯುಧಗಳ ಪಟ್ಟಿಯಲ್ಲಿ ಪೈಕ್ ಎಂಬ ನೀಳ ಈಟಿ 18 ಪೌಂಡ್ ಇದೆ, ಎಂಟು ಕಿಲೋ ಚಿಲ್ಲರೆ. ಚರಿತ್ರೆಯ ಪೈಕ್ ಅದರ ಅರ್ಧದ ಆಸುಪಾಸು ತೂಗಿ 16ರಿಂದ 18 ಅಡಿ ಉದ್ದವಿರುತ್ತಿತ್ತು. ಆಟದಲ್ಲಿ ಅದರ ಚಾಚು 10 ಅಡಿ ಮಾತ್ರ. ಆ ಆಯುಧದ ಜೀವಾಳವೇ ಉದ್ದ. ಅದನ್ನು ಕತ್ತರಿಸಿ, ಕತ್ತರಿಸಿದ್ದಕ್ಕೆ ಪ್ರತಿಯಾಗಿ ಭಾರ ಸೇರಿಸಿದ್ದಾರೆ.

ಏಕಮಾನವಿಲ್ಲದ ಅಂಕಿಗಳ ಮೇಲೆ ನನಗೆ ಇಂಥ ಸಿಟ್ಟಿಲ್ಲ. 2011ರ ‘ಸ್ಕೈರಿಮ್’ ಕಂಪ್ಯೂಟರ್ ಆಟದಲ್ಲಿ ಕಬ್ಬಿಣದ ಕತ್ತಿಯ ಭಾರ 9, ಎರಡು ಕೈಯ ಕತ್ತಿಯದು 16. ಯಾವ ಲೆಕ್ಕದ 9, ಯಾವ ಲೆಕ್ಕದ 16 ಎಂದು ಆಟ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ‘ಫೈನಲ್ ಫ್ಯಾಂಟಸಿ 7’ರಲ್ಲಿ ಕ್ಲೌಡ್ ಹೊರುವ ಬಾಗಿಲಗಲದ ಕತ್ತಿ, ಕೆಂಟಾರೊ ಮಿಯುರಾನ ‘ಬರ್ಸರ್ಕ್’ ಚಿತ್ರಕಥೆಯಲ್ಲಿ ಗಟ್ಸ್ ಹೊರುವ ಕಬ್ಬಿಣದ ಬೋದಿಗೆಯಂಥ ಕತ್ತಿ ಇವೆರಡೂ ಅಸಾಧ್ಯ. ಅವು ಅಸಾಧ್ಯವೆಂದೇ ಅವುಗಳನ್ನು ಬಿಡಿಸಿದ್ದು. ಅತಿಶಯೋಕ್ತಿ ತಾನು ಅತಿಶಯೋಕ್ತಿ ಎಂದು ಒಪ್ಪಿಕೊಂಡರೆ ಅದರ ಜೊತೆ ಜಗಳವಿಲ್ಲ. ತಕ್ಕಡಿ ಹಿಡಿದು ನಿಂತು ಸುಳ್ಳು ತೂಗುವವನ ಜೊತೆಗೇ ಜಗಳ.

2019ರಲ್ಲಿ ಬಂದ ‘ಪಾತ್‌ಫೈಂಡರ್’ ಆಟದ ಎರಡನೇ ಆವೃತ್ತಿ ಆ ತಕ್ಕಡಿಯನ್ನು ಕೆಳಗಿಟ್ಟಿತು. ಅಲ್ಲಿ ಪೌಂಡ್ ಇಲ್ಲ, ‘ಬಲ್ಕ್’ ಎಂಬ ಸಣ್ಣ ಅಂಕಿ ಇದೆ. ತೂಕ, ಗಾತ್ರ, ಹೊರುವ ಪೇಚಾಟ ಮೂರನ್ನೂ ಕೂಡಿಸಿ ಕೊಟ್ಟದ್ದು, ಗೈಗ್ಯಾಕ್ಸ್ ನಾಣ್ಯದಲ್ಲಿ ಹೇಳಲು ಹೊರಟದ್ದೇ. ಉದ್ದ ಕತ್ತಿಗೆ 1, ರೇಪಿಯರಿಗೂ 1. ಕತ್ತಿಗಿಂತ ಹಗುರವಾದ ಉದ್ದ ಬಿಲ್ಲಿಗೆ 2, ಏಕೆಂದರೆ ಆರಡಿಯ ಕೋಲನ್ನು ಹೊತ್ತು ಗುಹೆಯೊಳಗೆ ನುಸುಳುವುದು ಕತ್ತಿ ಕಟ್ಟಿಕೊಂಡು ನುಸುಳಿದಷ್ಟು ಸುಲಭವಲ್ಲ. ಹೊರುವ ಲೆಕ್ಕಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಂಡಿಲ್ಲ. ಹೋರಾಡುವ ಲೆಕ್ಕ ಮಾತ್ರ ಹಾಗೇ ಉಳಿದಿದೆ. ಅಲ್ಲಿಯೂ ಬಾಣ ಗುರಿ ಮುಟ್ಟುವುದಕ್ಕೆ ಚುರುಕುತನದ ಅಂಕವೇ ಬೇಕು. ರಟ್ಟೆಯ ಬಲಕ್ಕೆ ಕೆಲವೇ ಬಗೆಯ ಬಿಲ್ಲುಗಳಲ್ಲಿ, ಅದೂ ಏಟಿನ ಪೆಟ್ಟಿಗೆ ಅರ್ಧ ಪಾಲು ಸೇರಿಸುವ ಅವಕಾಶ. ಪ್ರತಿ ಬಿಲ್ಲಿಗೂ ಎಳೆತದ ಒಂದು ಅಂಕಿ ಕೊಟ್ಟು, ಅಷ್ಟು ಬಲವಿಲ್ಲದವನು ಅದನ್ನು ಪೂರ್ತಿ ಎಳೆಯಲಾರ ಎಂಬ ಒಂದು ಸಾಲು ಬರೆದರೆ ಸಾಕಿತ್ತು. ಕತ್ತಿಯ ಸಾಲಿನಲ್ಲಿ ತೂಕ ಬರೆಯುತ್ತಿದ್ದ ಜಾಗವಂತೂ ಈಗ ಖಾಲಿ ಬಿದ್ದಿದೆ.